ಸದ್ದಿಲ್ಲದ ಗುಂಡಿ

ಬೈತಖೋಲದ ಧಕ್ಕೆಗೆ ಡಾಂಬರು ಹಡಗು.
ನಕ್ಷೆಮೇಜಿನಡಿ ಬಗ್ಗಿ, ಟಾರ್ಚು ಹಲ್ಲಲ್ಲಿ ಕಚ್ಚಿ,
ಮುಚ್ಚಳ ಸರಿಸಿ ಒತ್ತಿದೆ.

ಗಂಟೆಯಿಲ್ಲ. ಕೆಂಪು ದೀಪವಿಲ್ಲ.
'ಕೆಟ್ಟಿದೆಯಾ ಮೇಡಂ?' ಅಡುಗೆಯ ಪುರಸು.
ಇಲ್ಲಿ ಕೂಗಿದರೆ ಕೆಟ್ಟಂತೆ, ಅಂದೆ.
ಕತ್ತಿ ಹಿಡಿದು ಹತ್ತಿದವನ ಕಿವಿಗೆ ಬೀಳದೆ
ದಡ ಮುಟ್ಟಬೇಕು.

ಕಾದೆವು.
ಕಿಟಕಿಯಾಚೆ ಕೂರ್ಮಗಡ, ಒಂದು ಪಾತಿದೋಣಿ.

ಅಪ್ಪ ಕುಡಿದು ಬಂದ ರಾತ್ರಿ
ಆಯಿ ಹಿತ್ತಿಲ ಬುಡ್ಡಿ ಆರಿಸುತ್ತಿದ್ದಳು, ಅಷ್ಟೇ.
ಆಚೆಮನೆ ರುಕ್ಮಾಬಾಯಿ ಬಂದು
ಬಾಗಿಲಲ್ಲೇ ಕೂತುಬಿಡುತ್ತಿದ್ದಳು
ಹಿಡಿ ಉಪ್ಪು ಬೇಕಿತ್ತು ಅಂತ.
ಅವಳ ಮನೆಯಲ್ಲೋ
ಮೀನು ಒಣಗಿಸುವ ಉಪ್ಪು, ಮೂಟೆಗಟ್ಟಲೆ.

ಮೊಬೈಲು ನಡುಗಿತು: ಮುಂಬೈಗೆ ತಲುಪಿದೆ,
ಹನ್ನೊಂದು ಇಪ್ಪತ್ತಮೂರಕ್ಕೆ.

ಪಟ್ಟಿಯಲ್ಲಿ ಬರೆದೆ.
ಸದ್ದು: ಇಲ್ಲ.
ಸರಿಯಿದೆ.