ನೀರಹೂವು

ಸೆಪ್ಟೆಂಬರ್ ಬಂತೆಂದರೆ ನನ್ನ ಕೋಣೆಯ ಮುಂದೆ
ಹೊಸ ಬಿಳಿ ಕೋಟುಗಳ ಸಾಲು.
ಮಡಿಕೆಯ ಗೆರೆ ಇನ್ನೂ ಹೋಗಿಲ್ಲ,
ಒಬ್ಬಳ ಕಾಲರಿನಲ್ಲಿ ಅಂಗಡಿಯ ಗುಂಡುಪಿನ್ನು ಕೂಡ.
ಕಿಟಕಿಯಾಚೆ ಸಾಮ್ಸುನ್‌ನ ಕಡಲು, ಕಪ್ಪಗೆ,
ಹೆಸರಿಗೆ ತಕ್ಕ ಹಾಗೆ.

ನಾನು ಕೊಡುವುದು ಒಂದೇ ಹಾಳೆ.
ಕಾಮಾಲೆ, ದಡಾರ, ಮಂಗನಬಾವು, ಕೊನೆಯಲ್ಲಿ ಅದು:
ಪಠ್ಯಪುಸ್ತಕದಲ್ಲಿ ವರಿಸೆಲ್ಲಾ,
ಇಂಗ್ಲಿಷಿನವರ ಬಾಯಲ್ಲಿ ಚಿಕನ್‌ಪಾಕ್ಸ್,
ನಮ್ಮ ಊರುಗಳಲ್ಲಿ ನೀರಹೂವು.
ಮೈಯೆಲ್ಲ ಅರಳಿ, ನೀರು ತುಂಬಿ, ಬಾಡಿ ಉದುರುವುದಕ್ಕೆ
ಇಷ್ಟು ಚೆಂದದ ಹೆಸರಿಟ್ಟವರಿಗೆ
ಅದು ಬಂದಿರಲಿಕ್ಕಿಲ್ಲ.

ಬಂದಿತ್ತೇ? ಹೌದು. ಇಲ್ಲ. ಗೊತ್ತಿಲ್ಲ.
ಮೂರು ಚೌಕ.
ಗೊತ್ತಿಲ್ಲ ಎಂದವರನ್ನು ನಾನು ನಂಬುತ್ತೇನೆ.

ಮೆಲ್ತೆಮ್ ಹೌದು ಎಂದು ಗೀಟು ಹಾಕಿದ್ದಳು,
ಹಾಳೆ ಹರಿಯುವಷ್ಟು ಒತ್ತಿ.
ಸಾಕ್ಷಿಗೆ ಹುಬ್ಬಿನ ಮೇಲಿನ ಕಲೆ ತೋರಿಸಿದಳು,
ಬೇಳೆಯಷ್ಟು ಗುಳಿ.
ನೆನಪಿದೆ ನನಗೆ, ಎಂದಳು,
ಆಗ ಆರು ವರ್ಷ, ದಿವ್ರಿಯ ಮನೆ.
ಕೆರೆಯದ ಹಾಗೆ ಅಮ್ಮ ಎರಡೂ ಕೈಗೆ ಕಾಲುಚೀಲ ತೊಡಿಸಿ
ಮಣಿಕಟ್ಟಿಗೆ ದಾರ ಕಟ್ಟಿದ್ದಳು.
ಬೆನ್ನಿಗೆ ಸೋಡಾ ಕಲಸಿದ ನೀರು, ತಣ್ಣಗೆ.
ಹೊರಗೆ ಮಕ್ಕಳು ಹಿಮದಲ್ಲಿ ಜಾರುತ್ತಿದ್ದರು.

ಇಷ್ಟೆಲ್ಲ ನೆನಪಿದ್ದವಳ ತೋಳಿಗೆ ಪಟ್ಟಿ ಬಿಗಿದು
ಒಂದು ಕೊಳವೆ ರಕ್ತ ತೆಗೆದೆ.
ಸೂಜಿಯ ಕಡೆ ನೋಡಲಿಲ್ಲ ಅವಳು.
ನಾಲ್ಕು ವರ್ಷದಲ್ಲಿ ನೋಡಲು ಕಲಿಯುತ್ತಾಳೆ.

ಶುಕ್ರವಾರ ವರದಿ ಬಂತು. ನೆಗೆಟಿವ್.
ಮತ್ತೊಮ್ಮೆ ಮಾಡಿಸಿದೆ. ನೆಗೆಟಿವ್.
ಅವಳ ರಕ್ತಕ್ಕೆ ನೀರಹೂವಿನ ಮುಖಪರಿಚಯವೂ ಇಲ್ಲ.

ನನ್ನೆದುರೇ ಅಮ್ಮನಿಗೆ ಫೋನು ಮಾಡಿದಳು, ಸ್ಪೀಕರ್ ಹಾಕಿ.
ಆಚೆ ತಟ್ಟೆಯಲ್ಲಿ ಬೇಳೆ ಆರಿಸುವ ಸದ್ದು.
ನಿನಗೋ? ನಿನಗೆಲ್ಲಿ ಬಂತು ಮಗಳೇ,
ಬಂದದ್ದು ನಿಹಾಲಳಿಗೆ.
ನಿನ್ನನ್ನು ಅಜ್ಜಿಯ ಮನೆಗೆ ಸಾಗಹಾಕಿದ್ದೆವಲ್ಲ, ಮೂರು ವಾರ.
ದಿನಾ ಕಿಟಕಿಗೆ ಬಂದು ಅವಳಿಗೆ ನಾಲಿಗೆ ತೋರಿಸಿ
ಹಿಮದಲ್ಲಿ ಜಾರುತ್ತಿದ್ದವಳು ನೀನೇ.
ಹಾಗಾದರೆ ಈ ಕಲೆ?
ಅದು ಒಲೆಯ ಬಾಗಿಲು.
ಸದ್ದು ನಿಂತಿತು. ಮತ್ತೆ ಬೇಳೆ.

ಹದಿಮೂರು ವರ್ಷ ಅಕ್ಕನ ತುರಿಕೆಯನ್ನು ಹೊತ್ತಿದ್ದ ಹುಡುಗಿ
ಕಾಲುಚೀಲ, ದಾರ, ಸೋಡಾ ನೀರು
ಒಂದೊಂದಾಗಿ ಮರಳಿಸುವವಳಂತೆ
ಸ್ಟೂಲಿನ ಮೇಲೆ ಸುಮ್ಮನೆ ಕೂತಳು.

ನನಗೆ ಹೇಳಲು ಬರುವುದು ಲೆಕ್ಕ ಮಾತ್ರ:
ಎರಡು ಚುಚ್ಚುಮದ್ದು, ನಡುವೆ ಆರು ವಾರ.
ಸೀಸೆಯಲ್ಲಿರುವುದೂ ಅದೇ ನೀರಹೂವು,
ಹಲ್ಲು ಕಿತ್ತದ್ದು, ಸತ್ತದ್ದಲ್ಲ.
ಅಲ್ಲಿಯ ತನಕ ಐದನೇ ಮಹಡಿಗೆ ಕಾಲಿಡುವ ಹಾಗಿಲ್ಲ.

ಐದನೇ ಮಹಡಿಯಲ್ಲಿ ಕೂದಲುದುರಿದ ಮಕ್ಕಳಿದ್ದಾರೆ,
ನಮ್ಮ ಮದ್ದೇ ಅವರ ಕಾವಲುಗಾರರನ್ನು ಕೊಂದಿದೆ.
ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ, ತರಗತಿಗೇ ಮೊದಲಿಗ,
ಹೌದು ಎಂದು ಗೀಟು ಹಾಕಿದ್ದ.
ಆ ವರ್ಷ ಪರೀಕ್ಷೆಗೆ ಹಣ ಬಂದಿರಲಿಲ್ಲ.
ಮಿಕ್ಕದ್ದನ್ನು ನಾನು ಯಾರಿಗೂ ಹೇಳುವುದಿಲ್ಲ.
ಈಗ ಹಾಳೆಯ ಕೆಳಗೆ ಒಂದು ಸಾಲು ಹೆಚ್ಚಿದೆ:
ಉತ್ತರ ಏನೇ ಇರಲಿ, ರಕ್ತ ಕೊಡತಕ್ಕದ್ದು.

ಮೊದಲ ಚುಚ್ಚುಮದ್ದಿನ ಹದಿನೆಂಟನೇ ದಿನ
ಮೆಲ್ತೆಮ್ ಓಡಿಬಂದಳು, ತೋಳು ಮೇಲೆ ಮಡಿಚಿ.
ಸೂಜಿ ಇಳಿದ ಕಡೆ ಒಂದು ಗುಳ್ಳೆ. ಒಂದೇ ಒಂದು.
ಗುಲಾಬಿ ಎಸಳ ಮೇಲಿನ ಇಬ್ಬನಿ ಎಂದು
ನಮಗೆ ಉರು ಹೊಡೆಸಿದ್ದು ಸುಳ್ಳಲ್ಲ.
ಮುಚ್ಚಿಕೋ, ಒಣಗುವ ತನಕ ಯಾವ ವಾರ್ಡೂ ಬೇಡ, ಎಂದೆ.
ಯಾರು ಕೇಳಬೇಕು!
ಫೋಟೋ ತೆಗೆದು ಅಮ್ಮನಿಗೂ ಅಕ್ಕನಿಗೂ ಕಳಿಸಿದಳು,
ಕೆಳಗೆ ಬರೆದಳು: ಇದು ನನ್ನದು.

ಅಕ್ಕನಿಂದ ನಗುವ ಮುಖ ಬಂತು.
ಅಮ್ಮ ಟೈಪು ಮಾಡುತ್ತಿದ್ದಾಳೆ. ನಿಲ್ಲಿಸಿದಳು. ಮತ್ತೆ ಟೈಪು.
ಇನ್ನೊಬ್ಬಳ ತೋಳಿಗೆ ಪಟ್ಟಿ ಬಿಗಿಯುತ್ತ
ನಾನೂ ಕಾದೆ.
ಕೊನೆಗೆ ಬಂದದ್ದು ಎರಡೇ ಪದ:
ಕೆರೆಯಬೇಡ, ಮಗಳೇ.