ಸೈಕ್‌ನ ಹೊಂಡದಲ್ಲಿ ಮುಕ್ಕಣ್ಣ

ಮೂರು ವರ್ಷದಿಂದ ಇದೇ ತಿರುವುಗಳಲ್ಲಿ ನೀರು ಹೊರುತ್ತಿದ್ದೇನೆ,
ಐದು ಸಾವಿರ ಗ್ಯಾಲನ್, ಎರಡನೇ ಗೇರು,
ಬಿರ್ಕತ್ ಅಲ್ ಮೌಜ್‌ನಿಂದ ಸೈಕ್‌ವರೆಗೆ.
ನೀರು ಇಳಿಯುತ್ತದೆ ಎಂದಷ್ಟೇ ಕಲಿತವನಿಗೆ
ಇದು ಉಲ್ಟಾ ಲೆಕ್ಕ.

ಮೊನ್ನೆ ಮಳೆ. ಒಂದೇ ಸಂಜೆ, ಆಲಿಕಲ್ಲು ಸಮೇತ.
ವಾದಿ ಉಕ್ಕಿ ರಸ್ತೆಯನ್ನೇ ಕಚ್ಚಿಕೊಂಡು ಹೋಯಿತು.
ಹನ್ನೆರಡನೇ ದಿನ ದಾರಿ ಬಿಟ್ಟಾಗ
ಬಂಡೆಯ ಹೊಂಡದ ಹತ್ತಿರ ಎಂಜಿನ್ ಆರಿಸಿ
ಮುಖ ತೊಳೆಯಲು ಬಗ್ಗಿದೆ.

ಕೆಸರು ನನ್ನನ್ನು ನೋಡಿತು.

ಬೆರಳುದ್ದ. ಹಳೇ ಹುಣಸೆಹಣ್ಣಿನ ಬಣ್ಣ.
ಬೆನ್ನ ಮೇಲೆ ಚಿಪ್ಪಿನ ಸೌಟು ಬೋರಲು ಹಾಕಿದ ಹಾಗೆ ಕವಚ,
ಬಾಲ ಸೀಳಿ ಎರಡು ನೂಲು.
ಕಾಲು ಎಣಿಸಹೋದೆ, ನಲವತ್ತಕ್ಕೆ ತಪ್ಪಿತು.
ಕಣ್ಣು ಎರಡು. ನಡುವೆ,
ಸಾಸಿವೆಗಿಂತ ಸಣ್ಣದು, ಇನ್ನೊಂದು.
"ಮುಕ್ಕಣ್ಣಾ!" ಅಂದುಬಿಟ್ಟೆ, ಜೋರಾಗಿಯೇ.
ಕ್ಯಾಬಿನ್ನಿಂದ ಹಮ್ಮಬ್ಬ ಕೂಗಿದ:
"ಯಾರು ಮಾರಾಯಾ, ನಿನ್ನ ಊರಿನವನಾ?"

ಮೇಕೆ ಮೇಯಿಸುವ ಝುವೈನಾ ಕೋಲೂರಿ ಬಂದಳು.
ಅವಳ ಅರಬ್ಬಿ ಬೆಟ್ಟದ್ದು, ನನ್ನದು ಡೀಸೆಲ್ ಪಂಪಿನದು.
ಆದರೂ ಇಷ್ಟು ತಿಳಿಯಿತು:
ಮೊಟ್ಟೆ ಇದೇ ಮಣ್ಣಲ್ಲಿತ್ತು,
ನನ್ನ ವೀಸಾದ ಮೊದಲ ಮುದ್ರೆಗೂ ಮುಂಚೆ,
ಅವಳ ಕಿರಿಮಗ ಮಸ್ಕತ್‌ಗೆ ಇಳಿಯುವ ಮುಂಚೆ.
ಕೋಲಿನಿಂದ ಬಂಡೆ ತಟ್ಟಿ ತೋರಿಸಿದಳು, ಕಲ್ಲೊಳಗೆ ಹೂತ ಕಪ್ಪೆಚಿಪ್ಪು.
ಆ ಕಡಲು ಹೋಯಿತು.
ಇವು ಹೋಗಲಿಲ್ಲ.

ಹೊಂಡ ಅಂಚಿನಿಂದ ಬಿರಿಯುತ್ತಿತ್ತು.
ಇನ್ನು ನಾಲ್ಕು ದಿನ, ಹೆಚ್ಚೆಂದರೆ.
ಒಂದಷ್ಟು ಆಗಲೇ ಅಂಗಾತ ಈಜುತ್ತಿದ್ದವು,
ಮೇಲ್ನೀರನ್ನು ಕಾಲಿಂದ ಬಾಚಿಕೊಳ್ಳುತ್ತ.
ನನ್ನ ಬೆನ್ನ ಹಿಂದೆ ಐದು ಸಾವಿರ ಗ್ಯಾಲನ್!
ಪೈಪು ಎಳೆದೆ. ಹೋಟೆಲಿನವರಿಗೆ ಏನೋ ಒಂದು ಹೇಳಿದರಾಯಿತು.
ಅವಳು ಪೈಪಿನ ಬಾಯಿಗೆ ಕೋಲು ಅಡ್ಡ ಹಿಡಿದಳು.
ಲಾ.
ಒಣಗಬೇಕು. ಒಣಗದ ಮೊಟ್ಟೆ ಒಡೆಯುವುದಿಲ್ಲ.

ಪೈಪು ಸುತ್ತುವಾಗ ಕೈ ಸ್ವಲ್ಪ ನಡುಗಿತು.
ಹಮ್ಮಬ್ಬ ಹಾರ್ನ್ ಹೊಡೆಯುತ್ತಲೇ ಇದ್ದ.

ರಾತ್ರಿ ಕ್ಯಾಂಪಿನ ಬಾಗಿಲಲ್ಲಿ
ಬೂಟಿನ ಹಲ್ಲುಗಳಿಂದ ಕೆಸರು ಕೆರೆದು
ಹಾಲುಪುಡಿ ಡಬ್ಬಿಗೆ ಹಾಕಿದೆ. ತಗಡಿನ ಮೇಲೆ ಇಟ್ಟೆ, ಬಿಸಿಲಿಗೆ.
ಈಗ ಅದು ಹಪ್ಪಳದ ಹಾಗೆ ಬಿರಿದಿದೆ.
ಅಲ್ಲೇ ಕೆಳಗೆ, ಎ.ಸಿ.ಯ ನೀರು
ಇಡೀ ದಿನ ತೊಟ್ಟಿಕ್ಕುತ್ತದೆ, ಯಾರಿಗೂ ಬೇಡದ್ದು.
ಡಬ್ಬಿ ಒಂದು ಗೇಣು ಸರಿಸಿದರೆ ಸಾಕು.
ಸರಿಸಿಲ್ಲ.

"ಅದರಲ್ಲಿ ಏನಿದೆ?" ಹಮ್ಮಬ್ಬ ದಿನಾ ಕೇಳುತ್ತಾನೆ.
"ಮಣ್ಣು," ಅನ್ನುತ್ತೇನೆ.