ಹತ್ತು ಹೆಜ್ಜಿ

ಹೆರಕಲ್ಲಿನ ದಂಡಿಗೆ ನೀರು ಹಿಂದ ಸರದಾಗ
ಆ ಎರಿ ಯಾರದು ಅಂತ ಕೇಳಬ್ಯಾಡ್ರಿ.
ಕಾಗದದಾಗ ಸರಕಾರದ್ದು,
ಯುಗಾದಿ ಹೊತ್ತಿಗೆ ಬಿತ್ತಿದವರದು,
ನಸಕಿನ್ಯಾಗ ಹಕ್ಕಿದು.

ನಾನು ಪಲ್ಟಿ ಹೊಡ್ಯಾಂವ, ದಾವಲಸಾಬ.
ತಾಸಿಗೆ ಇಷ್ಟು ಅಂತ ದುಡಿಯಾಂವ.
ಹೊಳ್ಳಿ ನೋಡಿದ್ರ ಸಾಲು ಸೊಟ್ಟ ಆಗತೈತಿ,
ಹಂಗಾಗಿ ಎಷ್ಟು ತತ್ತಿ ಮಣ್ಣಾಗ ಹೋದುವೋ
ನಾ ಎಣಸಿಲ್ಲ.

ಎಣಸಾಕ ಅಂತನ ಬಂದಳು
ವಿಶ್ವವಿದ್ಯಾಲಯದಾಕಿ, ನೀಲಗಂಗಾ ಕಬ್ಬೇರ.
ಮಣಕಾಲತನಕ ರಾಡಿ, ಕೊಳ್ಳಾಗ ದುರ್ಬೀನು,
ಚೀಲದಾಗ ಒಂದು ತಕ್ಕಡಿ, ಗುಲಗಂಜಿ ತೂಗೂವಂಥಾದ್ದು.
"ಕಾಕಾ, ಇದು ಟಿಟ್ಟಿಭ."
"ನಮಗ ಟಿಟವಿ," ಅಂದೆ.
"ರಾತ್ರಿ ಕಾಲು ಮ್ಯಾಲ ಮಾಡಿ ಮಲಗತೈತಂತ,
ಮುಗಿಲು ಬಿದ್ರ ಹಿಡ್ಯಾಕ."
ಆಕಿ ನಗಲಿಲ್ಲ. ಬರಕೊಂಡಳು.
ಆಮ್ಯಾಲ ಅಂದಳು: "ಕಾಲು ಮ್ಯಾಲ ಮಾಡೂದಿಲ್ಲ ಕಾಕಾ,
ಮೂರು ರಾತ್ರಿ ನೋಡೇನಿ."

ತತ್ತಿ ತೋರಿಸಿದಳು.
ಕಾಲಬುಡಕ ಇದ್ದುವು, ನನಗ ಕಾಣಲಿಲ್ಲ.
ಹೆಂಟಿಗಳ ನಡುವ ನಾಕು ಹೆಂಟಿ,
ಮಸಿ ಚಿಮುಕಿಸಿಧಂಗ ಚುಕ್ಕಿ.
ಮೂವತ್ತು ವರ್ಷ ಈ ಮಣ್ಣು ತಿರುವೇನಿ,
ಮಣ್ಣಂದ್ರ ಮಣ್ಣ ಅನಕೊಂಡಿದ್ದೆ.

ಒಂದೊಂದು ಗೂಡಿನ ಮಗ್ಗಲಕ್ಕ
ಆಕಿ ಕಡ್ಡಿ ಹುಗದು ಕೆಂಪು ಅರಿವಿ ಕಟ್ಟಿದಳು.
ನನ್ನ ಎದಿ ಝಲ್ಲಂತು.

ನಿಮಗ ಹೆಂಗ ಹೇಳಲಿ.
ನನ್ನ ಮದುವಿ ವರ್ಷ ಸರ್ವೇದವರು ಬಂದಿದ್ರು,
ಬಾಗಲ ಮಗ್ಗಲದ ಗ್ವಾಡಿಗೆ ಕೆಂಪು ಬಣ್ಣದಾಗ
ನಂಬರ್ ಬರದ್ರು, ೨೧೭.
ಅವ್ವ ಅದರ ಮ್ಯಾಲ ಕುರುಳು ತಟ್ಟಿದಳು,
ಒಣಗಿದ ಕುರುಳು ಕಿತ್ತರೂ ನಂಬರ್ ಹಂಗ ಇತ್ತು.
ಈಗ ಆ ಗ್ವಾಡಿ ಮೀನಿಂದು.
ಕೆಂಪು ಗುರ್ತು ಹಚ್ಚಿದ್ದು ಒಂದೂ ಉಳಿದಿಲ್ಲವಾ, ಅಂದೆ.
ಆಕಿ ಪೆನ್ಸಿಲ್ ಕಿವಿಗೆ ಸಿಗಿಸಿ
ಸುಮ್ಮನ ನಿಂತಳು.

ಎಂಟು ದಿನದಾಗ ಕಾಗಿ ಕಲತುವು.
ಎಲ್ಲಿ ಅರಿವಿ, ಅಲ್ಲಿ ಊಟ.
ಆರು ಗೂಡು ಹೋದುವು, ಒಂದರಾಗ
ಸಿಪ್ಪಿ ಸುದ್ದಾ ಇರಲಿಲ್ಲ.
ಒಡ್ಡಿನ ಮ್ಯಾಲ ಕುಂತು ಹಾಳಿ ತುಂಬಿದಳು,
ತಾರೀಖು, ಗೂಡು, ನಾಶದ ಕಾರಣ.
ಕಾರಣದ ಖಾನೆದಾಗ ಬಾಳ ಹೊತ್ತು ಪೆನ್ಸಿಲ್ ಊರಿ
"ನಾನು" ಅಂತ ಬರದು
ಅಳಿಸಿ
"ಕಾಗೆ" ಅಂತ ಬರದಳು.
ನಾ ನೋಡಿಲ್ಲ ಅನ್ನೂ ಹಂಗ ಬೀಡಿ ಹಚ್ಚಿದೆ.

ಮರುದಿನ ಅರಿವಿ ಎಲ್ಲಾ ಬಿಚ್ಚಿದಳು.
ಸಾಲಿನ ಗುಂಟ ಈ ಕಡೆ ಹತ್ತು ಹೆಜ್ಜಿ, ಆ ಕಡೆ ಹತ್ತು ಹೆಜ್ಜಿ,
ಬರೇ ತೊಗರಿ ಕಟ್ಟಿಗಿ, ಗೇಣುದ್ದ.
"ಮೊದಲನೇದು ಕಂಡ ಕೂಡಲೇ ನೇಗಿಲಾ ಎತ್ತರಿ ಕಾಕಾ,
ಎರಡನೇದು ದಾಟಿ ಇಳಸರಿ.
ಗೂಡು ಎಲ್ಲೈತಿ ಅಂತ
ಹೊಲಕ್ಕ ಗೊತ್ತಾಗಬಾರದು, ನಿಮಗಷ್ಟ."

ಒಡ್ಡಿನ ಮ್ಯಾಲಿಂದ ಗುರುಪಾದಪ್ಪ ಒದರಿದ:
"ನಡುವ ಯಾಕ ಬಿಟ್ಟಿ? ರೊಕ್ಕ ಪೂರಾ ತಗೋತಿ!"
ಮುರಕೊಂಡು ಕೊಡ್ರಿ, ಅಂದೆ.
ಐವತ್ತು ರೂಪಾಯಿ ಮುರಕೊಂಡ, ಬಿಡಲಿಲ್ಲ.
ಅವನ ಮೊಮ್ಮಗಳು ಬ್ಯಾಟ್ರಿ ಹಿಡಕೊಂಡು
ಮರಿ ನೋಡಾಕ ಹೋಗಿ
ಟಿಟವಿ ಕಡೆ ಬೈಸಿಕೊಂಡು ಬಂದ್ಲು.

ಮರಿ ಅಂದ್ರ ಏನು, ಎರಡು ಕಡ್ಡಿ ಮ್ಯಾಲ ಹತ್ತಿ.
ಹುಟ್ಟಿದ ದಿನಾನ ಓಡತಾವು,
ಗೂಡಿನ ಕಡೆ ಹೊಳ್ಳಿ ನೋಡೂದಿಲ್ಲ.
ನಾವು ಅಷ್ಟು ಶಾಣ್ಯಾ ಇರಲಿಲ್ಲ.

ಪ್ರಬಂಧ ಬರದು ಮುಗಿಸಿದಳಂತ ಆಕಿ.
ಅದರಾಗ ಒಂದು ಕೋಷ್ಟಕ,
ಕೋಷ್ಟಕದಾಗ ನಾನು "ಚಾಲಕ ೪".
ನೇಗಿಲಾ ಎತ್ತಿದ್ದು ಇಪ್ಪತ್ತಾರು ಸಲ, ಮರತದ್ದು ಮೂರು.
ಆ ಮೂರು ಎಲ್ಲೆಲ್ಲಿ ಅಂತ
ಈಗೂ ತೋರಿಸ್ತೀನಿ.

ಇವತ್ತ ಅದೇ ಹೊಲ. ಕಟ್ಟಿಗಿ ಇಲ್ಲ,
ಹಕ್ಕಿ ಈ ವರ್ಷ ಆಚೆ ದಂಡಿಗೆ.
ಆ ಜಾಗಾಕ ಬರೂದಕ
ಕೈ ತಾನ ಲಿವರ್ ಎತ್ತಿತು.
ಗಾಳಿಯಾಗ ನೇಗಿಲು, ಕೆಳಗ ಬರೇ ಮಣ್ಣು,
ಇಪ್ಪತ್ತು ಹೆಜ್ಜಿ.
ಗುರುಪಾದಪ್ಪ ಒಡ್ಡಿನ ಮ್ಯಾಲ ನಿಂತಿದ್ದ.
ಬಾಯಿ ತಗದಾಂವ
ಯಾಕೋ ಎಲಿ ಅಡಿಕಿ ಹಾಕ್ಕೊಂಡ.